ಸಂಘಕ್ಕೆಷ್ಟು, ನನಗೆಷ್ಟು: ಕೊನೆಗೂ ಕೂಡಿಬಂದ ಲೆಕ್ಕ

ನಮ್ಮ ಬಡಾವಣೆಯ ಸಂಘಕ್ಕೆ ಎಷ್ಟು ಕೊಡುತ್ತೇವೆ ಅನ್ನುವುದನ್ನು ಅವರವರೇ ಮೊದಲೇ ಬರೆದುಕೊಡಲಿ ಅಂದಾಗ, ಇದು ನಡೆಯೋದಿಲ್ಲ ಅಂತ ಎರಡೂ ಕಡೆಯವರು ಹೇಳಿದ್ದರು. ಸಂಘದ ಹಿರಿಯರ ಕಣ್ಣಿಗೆ ನಾನು ಗಂಟೆ ಎಣಿಸಿ ಸೇವೆ ಮಾಡುವ ಸ್ವಾರ್ಥಿ. ಜೊತೆಗೆ ಕೆಲಸ ಮಾಡುವವರ ಕಣ್ಣಿಗೆ ಊರ ಉಸಾಬರಿಯನ್ನೆಲ್ಲ ತಲೆ ಮೇಲೆ ಹೊತ್ತುಕೊಂಡವನು. ಈಗ ಐದಾರು ವರ್ಷದಿಂದ ಲೆಕ್ಕ ಚೆನ್ನಾಗಿ ನಡೆಯುತ್ತಿದೆ, ಸಂಘವೂ ಗಟ್ಟಿಯಾಗಿದೆ, ನನ್ನ ಕೆಲಸವೂ ಬೆಳೆದಿದೆ. ಅದಕ್ಕೇ ಬರೆಯುತ್ತಿದ್ದೇನೆ. ಸಂಘ ನಡೆಸಿದವರಿಗೆ ಸಭೆ, ಲೆಕ್ಕದ ಪುಸ್ತಕ, ವಾಟ್ಸಾಪ್ ಗುಂಪಿನ ಗಲಾಟೆ ಎಲ್ಲ ಗೊತ್ತಿರುತ್ತೆ. ಅದನ್ನೆಲ್ಲ ವಿವರಿಸಲು ಹೋಗುವುದಿಲ್ಲ.

ನಾನು ಮನೆಯಲ್ಲೇ ಕೂತು ಡಿಸೈನ್ ಕೆಲಸ ಮಾಡುವವನು. ಮನೆಯಲ್ಲಿದ್ದಾನೆ ಅಂದರೆ ಪುರಸೊತ್ತಾಗಿದ್ದಾನೆ ಅಂತಲೇ ಎಲ್ಲರೂ ತಿಳಿಯುತ್ತಾರೆ, ಅಲ್ವಾ? ನಮ್ಮದು ಸುಮಾರು 40 ಮನೆಗಳ ಸಂಘ. ಒಂದು ಓದುವ ಕೋಣೆ, ಸಂಜೆ ಮಕ್ಕಳಿಗೆ ಪಾಠ, ಕಷ್ಟಕಾಲಕ್ಕೆ ಅಂತ ಒಂದು ನಿಧಿ. ಮೊದಲ ಎರಡು ವರ್ಷ ಕರೆದಾಗಲೆಲ್ಲ ಹೋದೆ. ನನ್ನ ಸಂಪಾದನೆ ಹತ್ತಿರ ಹತ್ತಿರ ಮೂರನೇ ಒಂದು ಭಾಗ ಇಳಿಯಿತು, ಒಳ್ಳೆಯ ಗಿರಾಕಿಗಳಿಬ್ಬರು ಕೈಬಿಟ್ಟರು. ಸಂಘಕ್ಕಾದರೂ ಲಾಭವಾಯಿತಾ ಅಂದರೆ ಅದೂ ಇಲ್ಲ. ನಾಲ್ಕೈದು ಜನ ಎಲ್ಲ ನೋಡಿಕೊಳ್ಳುತ್ತಾರೆ ಅಂತ ಗೊತ್ತಾದ ಮೇಲೆ ಉಳಿದವರು ಬರುವುದನ್ನೇ ನಿಲ್ಲಿಸಿದರು. ಆಮೇಲೆ ಒಂದು ವರ್ಷ ಪೂರ್ತಿ ದೂರ ಇದ್ದು ನೋಡಿದೆ. ದುಡ್ಡು ಬಂತು. ಆದರೆ ಜ್ವರ ಬಂದು ಮಲಗಿದಾಗ ಔಷಧಿ ತಂದುಕೊಡಿ ಅಂತ ಯಾರನ್ನು ಕೇಳಬೇಕು ಅನ್ನುವುದೇ ಹೊಳೆಯಲಿಲ್ಲ. ಅಂಥ ಸ್ವಾತಂತ್ರ್ಯ ನನಗೆ ಬೇಡ.

ನಡುವೆ ದಂಡದ ಪ್ರಯೋಗವೂ ಆಯಿತು. ಸರದಿ ತಪ್ಪಿಸಿದವರು ದುಡ್ಡು ಕಟ್ಟಲಿ ಅಂತ ಸಭೆ ತೀರ್ಮಾನಿಸಿತು. ಚೆನ್ನಾಗಿ ಸಂಪಾದಿಸುವವರು ಖುಷಿಯಿಂದ ಕಟ್ಟಿ ಮನೆಯಲ್ಲಿ ಉಳಿದರು. ನಿಧಿ ದುಪ್ಪಟ್ಟಾಯಿತು, ಪಾಠದ ಕೋಣೆಯಲ್ಲಿ ಮಕ್ಕಳು ಮಾತ್ರ! ಇಸ್ರೇಲ್‌ನ ಹೈಫಾದ ಶಿಶುವಿಹಾರಗಳ ಬಗ್ಗೆ 2000ದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲೂ ಇದೇ ಕತೆ. ಮಕ್ಕಳನ್ನು ಕರೆದೊಯ್ಯಲು ತಡವಾಗಿ ಬರುವ ಪೋಷಕರಿಗೆ ದಂಡ ಹಾಕಿದರೆ ತಡ ಮಾಡುವವರೇ ಜಾಸ್ತಿಯಾದರು, ದಂಡ ತೆಗೆದ ಮೇಲೂ ಮೊದಲಿನಂತೆ ಆಗಲಿಲ್ಲ. ದುಡ್ಡು ಕೊಟ್ಟರೆ ತೀರಿತು ಅನ್ನಿಸಿಬಿಟ್ಟರೆ ಹೊಣೆ ಅನ್ನುವುದು ಮನಸ್ಸಿನಿಂದ ಹೋಗಿಬಿಡುತ್ತದೆ. ನಮ್ಮಲ್ಲಿ ಅದು ಮರಳಿ ಬರಲು ಒಂದು ವರ್ಷವೇ ಹಿಡಿಯಿತು.

ಕೊನೆಗೆ ಹಿಡಿದ ದಾರಿ ಇದು. ಪ್ರತಿಯೊಬ್ಬರೂ ತಮ್ಮ ಪಾಲನ್ನು ತಾವೇ ಮೊದಲೇ ಬರೆದುಕೊಡಬೇಕು. ಎಷ್ಟು ಸಮಯ, ಎಷ್ಟು ದುಡ್ಡು, ಯಾವ ಕೆಲಸ. ನನ್ನದು ವಾರಕ್ಕೆ ನಾಲ್ಕು ಗಂಟೆ ಮತ್ತು ಸಂಪಾದನೆಯಲ್ಲಿ 20ಕ್ಕೆ 1 ಪಾಲು. ಬರೆದಷ್ಟಕ್ಕೆ ನೆಪ ಹೇಳುವಂತಿಲ್ಲ. ಅದಕ್ಕಿಂತ ಜಾಸ್ತಿ ಯಾಕೆ ಮಾಡಲ್ಲ ಅಂತ ಯಾರೂ ಕೇಳುವಂತಿಲ್ಲ. ಜಗಳವಾಗಿದ್ದು ಈ ಎರಡನೇ ಮಾತಿಗೆ. "ಏನಪ್ಪಾ, ಸೇವೆಗೂ ಗಡಿಯಾರ ಕಟ್ಟುತ್ತೀಯಾ?" ಅಂದರು ಹಿರಿಯರೊಬ್ಬರು. ಎಲ್ಲರೂ ಸೊನ್ನೆ ಬರೆದರೆ ಏನು ಗತಿ ಅಂತ ಇನ್ನೊಬ್ಬರು.

ಆಗ ನಾನು ಹೇಳಿದ್ದು ಸ್ವಿಟ್ಜರ್ಲೆಂಡಿನ ಟೋರ್ಬೆಲ್ ಎಂಬ ಬೆಟ್ಟದ ಹಳ್ಳಿಯ ವಿಷಯ. ಅಲ್ಲಿ ಅವರವರ ಹೊಲ ಅವರವರದು, ಮೇಲಿನ ಹುಲ್ಲುಗಾವಲು ಮಾತ್ರ ಎಲ್ಲರದು. ಚಳಿಗಾಲದಲ್ಲಿ ಎಷ್ಟು ಹಸು ಸಾಕಬಲ್ಲೆಯೋ ಅಷ್ಟನ್ನು ಮಾತ್ರ ಮೇಲೆ ಮೇಯಲು ಬಿಡು ಅಂತ 1517ರಲ್ಲೇ ಕಟ್ಟಳೆ ಮಾಡಿಕೊಂಡಿದ್ದರು. ಇಂಥ ಊರುಗಳ ಬಗ್ಗೆ ಬರೆದ ಎಲಿನಾರ್ ಆಸ್ಟ್ರಮ್ ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು, ಆ ವಿಭಾಗದಲ್ಲಿ ಅದನ್ನು ಪಡೆದ ಮೊದಲ ಮಹಿಳೆ ಅವರು. ಸ್ವಂತದ್ದು ಸ್ವಂತಕ್ಕೇ ಉಳಿದರೂ ಹಂಚಿಕೊಂಡದ್ದು ಶತಮಾನಗಟ್ಟಲೆ ಬಾಳುತ್ತದೆ, ನಿಯಮವನ್ನು ಬಳಸುವವರೇ ಮಾಡಿಕೊಂಡಿರಬೇಕು ಅಷ್ಟೇ. ತಪ್ಪಿದವರಿಗೆ ಮೊದಲು ಸಣ್ಣ ಎಚ್ಚರಿಕೆ, ಆಮೇಲೆ ದೊಡ್ಡದು ಅನ್ನುವ ಆಸ್ಟ್ರಮ್ ಅವರ ಮಾತನ್ನೂ ತೆಗೆದುಕೊಂಡೆವು. ಮೊದಲ ಸಲ ಸರದಿ ತಪ್ಪಿದರೆ ಒಬ್ಬರು ಮನೆಗೇ ಹೋಗಿ ಎಲ್ಲ ಸರಿಯಿದೆಯಾ ಅಂತ ವಿಚಾರಿಸಿ ಬರುತ್ತಾರೆ. ಮತ್ತೆ ತಪ್ಪಿದರೆ ಅವರೇ ಬರೆದುಕೊಟ್ಟ ಪಾಲನ್ನು ಸಭೆಯಲ್ಲಿ ಓದುತ್ತೇವೆ. ಮೂರನೇ ಸಲ ತಪ್ಪಿಸುವ ತನಕ ಹೋದವರು ಕಡಿಮೆ.

ಹುಡುಗರದ್ದು ಬೇರೆ ತಕರಾರು. ನಮಗೆ ಹಕ್ಕಿದೆ, ಕರ್ತವ್ಯದ ಮಾತು ಯಾಕೆ ಅಂತ. 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 29ನೇ ವಿಧಿಯನ್ನು ತೋರಿಸಿದೆ. ಸಮುದಾಯದಲ್ಲಿ ಮಾತ್ರ ಮನುಷ್ಯನ ವ್ಯಕ್ತಿತ್ವ ಪೂರ್ತಿ ಬೆಳೆಯುತ್ತದೆ, ಹಾಗಾಗಿ ಅದರ ಕಡೆಗೆ ಅವನಿಗೆ ಕರ್ತವ್ಯವೂ ಇದೆ ಎಂಬುದು ಅಲ್ಲೇ ಇದೆ. ಹಕ್ಕುಗಳ ಪಟ್ಟಿಯಲ್ಲೇ ಅದನ್ನು ಕಂಡ ಮೇಲೆ ಇಬ್ಬರು ಅಲ್ಲೇ ಕೂತು ಪಾಲು ಬರೆದುಕೊಟ್ಟರು.

ಸೊನ್ನೆ ಬರೆದವರೂ ಇದ್ದರು, ಇರಲಿ ಅಂತ ಬಿಟ್ಟೆವು. ನನಗೆ ತುಂಬಾ ಹಿಡಿಸಿದ ಚೀಟಿ ಎಂದೂ ಸಭೆಗೆ ಬರದ ಒಬ್ಬರದು. "ತಿಂಗಳಿಗೊಮ್ಮೆ ಬರುತ್ತೇನೆ. ಕುರ್ಚಿ ಮೇಜು ರಿಪೇರಿ ಮಾಡುತ್ತೇನೆ. ಮಾತಾಡಲು ಕರೆಯಬೇಡಿ." ಹಾಗೇ ಬಂದರು. ಸ್ಕ್ರೂಗಳ ಡಬ್ಬಿ ಪಕ್ಕದಲ್ಲಿಟ್ಟುಕೊಂಡು, ಅಲುಗಾಡುವ ಕುರ್ಚಿಯನ್ನು ಮಗುಚಿ, ಒಂದೊಂದೇ ಕಾಲು ಹಿಡಿದು ಅಲ್ಲಾಡಿಸಿ ನೋಡುತ್ತಾ ಮೂಲೆಯಲ್ಲಿ ಕೂತಿರುತ್ತಾರೆ. ಹಿಂದೆ ಎಲ್ಲರೂ ಭಾಷಣ ಕೇಳಲೇಬೇಕು, ಎಲ್ಲರೂ ಮೆರವಣಿಗೆಗೆ ಬರಲೇಬೇಕು ಅಂತಿತ್ತು. ಅವರಂಥವರನ್ನು ದೂರ ಇಟ್ಟಿದ್ದೇ ಆ ನಿಯಮ. ಎಷ್ಟು ಕೊಡಬೇಕು ಅನ್ನುವುದಕ್ಕಿಂತ ಹೇಗೆ ಕೊಡಬೇಕು ಅನ್ನುವುದರಲ್ಲಿ ಮನುಷ್ಯನಿಗೆ ಸ್ವಾತಂತ್ರ್ಯ ಬೇಕು. ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು.

ಇನ್ನೊಂದು ಪ್ರಯೋಗ. ಕೆಲವು ತಿಂಗಳು ಪುಸ್ತಕದಲ್ಲಿ ಹೆಸರುಗಳನ್ನೇ ಬರೆಯಲಿಲ್ಲ. ದುಡ್ಡು ಕಡಿಮೆಯಾಗಲಿಲ್ಲ, ಗಂಟೆಗಳು ಮಾತ್ರ ಅರ್ಧಕ್ಕರ್ಧ ಇಳಿದವು. ಈಗ ಗಂಟೆಗೆ ಹೆಸರಿದೆ, ದುಡ್ಡಿಗೆ ಇಲ್ಲ. ಕಡಿಮೆ ಕೊಡುವವರಿಗೆ ಮುಜುಗರವೂ ತಪ್ಪಿತು.

ಈಗ 25 ಮನೆಯವರಾದರೂ ಕೈ ಹಾಕುತ್ತಾರೆ. ನಿಧಿ ಮೊದಲಿನ ಮೂರು ಪಟ್ಟು ಇರಬಹುದು. ನನ್ನ ಸಂಪಾದನೆ ಆ ಕೆಟ್ಟ ವರ್ಷಗಳಿಗೆ ಹೋಲಿಸಿದರೆ ದುಪ್ಪಟ್ಟು, ಬೆಳಗಿನ ಹೊತ್ತು ಪೂರ್ತಿ ನನ್ನದು. ಬೇರೆ ಎರಡು ಸಂಘದವರು ನಮ್ಮ ಚೀಟಿಯನ್ನೇ ನಕಲು ಮಾಡಿಕೊಂಡಿದ್ದಾರೆ. ಆದರೂ ಸಭೆಯಲ್ಲಿ ಚೀಟಿಗಳನ್ನು ಯಾವ ಕ್ರಮದಲ್ಲಿ ಓದುತ್ತೇವೆ ಅನ್ನುವುದನ್ನು ಅವರಿಗೂ ಹೇಳಿಲ್ಲ, ಇಲ್ಲೂ ಬರೆಯುವುದಿಲ್ಲ. ಅರ್ಧ ಕೆಲಸ ಆಗುವುದೇ ಅದರಿಂದ.

ಅತ್ಯಂತ ಕಷ್ಟದ ಸಭೆ ಬೇರೆಯೇ ಇತ್ತು. ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಳ್ಳುವ ಒಬ್ಬರು ಸೊನ್ನೆ ಬರೆದುಕೊಟ್ಟಿದ್ದರು. ಮನೆಯವರ ಆರೈಕೆಯನ್ನು ಸಮಾಜದ ಪಾಲಿಗೆ ಸೇರಿಸಬೇಕಾ ಬೇಡವಾ ಅಂತ ರಾತ್ರಿಯವರೆಗೆ ವಾದ ನಡೆಯಿತು. ಕೊನೆಗೆ ಹೆಂಗಸರೇ ಗೆದ್ದರು. ಈಗ ಅಂಥ ಆರೈಕೆಗೆ ಪಾಲಿನ ಅರ್ಧದವರೆಗೆ ಲೆಕ್ಕವಿದೆ, ಜೊತೆಗೆ ವಾರಕ್ಕೊಂದು ಸಂಜೆ ಅವರಿಗೆ ಬಿಡುವು ಕೊಡಲು ಇಬ್ಬರು ಹೋಗುತ್ತಾರೆ. ಅರ್ಧ ಯಾಕೆ, ಪೂರ್ತಿ ಲೆಕ್ಕ ಹಿಡಿಯಿರಿ ಅನ್ನುವುದು ನನ್ನ ವಾದ. ಚೀಟಿಗಳನ್ನು ಆರು ತಿಂಗಳಿಗೊಮ್ಮೆ ಬದಲಿಸುತ್ತೇವೆ, ಮುಂದಿನ ಸಲ ಅದನ್ನು ಮತ್ತೆ ಎತ್ತುತ್ತೇನೆ.