ಬಣ್ಣದ ಪ್ರತಿಫಲನ ಪರದೆ: ಮೂರು ಕೊಲೆಸ್ಟರಿಕ್ ಕೋಶಗಳನ್ನು ಪೇರಿಸುವ ಬಗೆ

ಇಲ್ಲಿ ಕಟ್ಟುವುದು ಬಿದ್ದ ಬೆಳಕನ್ನೇ ಹಿಂದಿರುಗಿಸಿ ಬಣ್ಣ ತೋರಿಸುವ ಪರದೆಯ ಒಂದೇ ಪಿಕ್ಸೆಲ್. ಕೋಶವೆಂದರೆ ಎರಡು ಗಾಜುಗಳ ನಡುವೆ ತುಂಬಿದ ದ್ರವಸ್ಫಟಿಕದ ತೆಳು ಪದರ. ಮೇಲೆ ನೀಲಿ, ನಡುವೆ ಹಸಿರು, ಕೆಳಗೆ ಕೆಂಪು ಕೋಶ, ತಳಕ್ಕೆ ಕಪ್ಪು ಬಣ್ಣ. 2009ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಫ್ಯೂಜಿತ್ಸುವಿನ ಇ-ರೀಡರ್ ಫ್ಲೆಪಿಯಾ ಕೂಡ ಇದೇ ರೀತಿ ಕೊಲೆಸ್ಟರಿಕ್ ಪದರಗಳನ್ನು ಪೇರಿಸಿ ಬಣ್ಣ ತೋರಿಸುತ್ತಿತ್ತು.

ಕೆಲಸ ಕೆಡುವುದು ಹೆಚ್ಚಾಗಿ ತಕ್ಕಡಿಯಲ್ಲಿ. ಕೊಲೆಸ್ಟರಿಕ್ ದ್ರವಸ್ಫಟಿಕದ ಅಣುಗಳು ಸುರುಳಿಯಾಗಿ ನಿಲ್ಲುತ್ತವೆ. ಆ ಸುರುಳಿಯ ಪಿಚ್ಚನ್ನು, ಅಂದರೆ ಒಂದು ಪೂರ್ತಿ ಸುತ್ತಿನ ಉದ್ದವನ್ನು, ದ್ರವದ ಸರಾಸರಿ ವಕ್ರೀಭವನಾಂಕದಿಂದ ಗುಣಿಸಿದರೆ ಪ್ರತಿಫಲಿಸುವ ತರಂಗಾಂತರ ಬರುತ್ತದೆ. ಇಲ್ಲಿ ಬಳಸುವ ಇ7 ಎಂಬ ದ್ರವಸ್ಫಟಿಕ ಮಿಶ್ರಣಕ್ಕೆ ವಕ್ರೀಭವನಾಂಕ ಸುಮಾರು 1.6. ಹಾಗಾಗಿ ನೀಲಿ, ಹಸಿರು, ಕೆಂಪಿನ 470, 540, 630 ನ್ಯಾನೊಮೀಟರಿಗೆ ಪಿಚ್ ಕ್ರಮವಾಗಿ 294, 338, 394 ನ್ಯಾನೊಮೀಟರ್ ಇರಬೇಕು. ಅಣುಗಳನ್ನು ಸುರುಳಿಯಾಗಿಸಲು ಇ7ಗೆ ಬೆರೆಸುವ ವಸ್ತು (ಡೋಪಂಟ್) ಆರ್5011. ಅದರ ತಿರುಚುವ ಬಲವನ್ನು ಮೈಕ್ರೊಮೀಟರಿಗೆ 110 ಎಂದು ಹಿಡಿದರೆ, 500 ಮಿ.ಗ್ರಾಂ ಒಟ್ಟು ಮಿಶ್ರಣದಲ್ಲಿ ನೀಲಿಗೆ 15.5, ಹಸಿರಿಗೆ 13.5, ಕೆಂಪಿಗೆ 11.5 ಮಿ.ಗ್ರಾಂ ಸಾಕು. ಹಸಿರಿನಲ್ಲಿ ಒಂದು ಮಿಲಿಗ್ರಾಂ ತಪ್ಪಿದರೂ ಬಣ್ಣ ಸುಮಾರು 40 ನ್ಯಾನೊಮೀಟರ್ ಜಾರುತ್ತದೆ, 0.1 ಮಿ.ಗ್ರಾಂ ತೋರಿಸುವ ತಕ್ಕಡಿ ಇಲ್ಲದೆ ಶುರು ಮಾಡಬೇಡಿ. ಮೊದಲ ಮಿಶ್ರಣವನ್ನು ಸ್ಪೆಕ್ಟ್ರೋಮೀಟರಿನಲ್ಲಿ ನೋಡಿ. ಶಿಖರ 540ರ ಬದಲು 560ರಲ್ಲಿದ್ದರೆ ಡೋಪಂಟಿನ ಶೇಕಡಾವಾರನ್ನು 560/540ರಿಂದ ಗುಣಿಸಿ ಹೆಚ್ಚಿಸಿ.

ಹಸಿರಿಗೆ ಮಾತ್ರ ಆರ್5011ರ ಬದಲು ಅದರ ಕನ್ನಡಿ ಪ್ರತಿರೂಪವಾದ ಎಸ್5011ಅನ್ನು ಅಷ್ಟೇ ತೂಕದಲ್ಲಿ ಹಾಕಿ. ಅದರ ಸುರುಳಿ ಎಡಕ್ಕೆ, ಉಳಿದೆರಡರದ್ದು ಬಲಕ್ಕೆ. ಒಂದು ಪದರ ತನ್ನ ಸುರುಳಿಯ ದಿಕ್ಕಿಗೇ ತಿರುಗುವ (ವೃತ್ತಧ್ರುವೀಕೃತ) ಬೆಳಕನ್ನಷ್ಟೇ, ಅಂದರೆ ಬಿದ್ದದ್ದರ ಅರ್ಧವನ್ನಷ್ಟೇ ಹಿಂದಿರುಗಿಸುತ್ತದೆ. ಎರಡು ಪದರಗಳು ಪ್ರತಿಫಲಿಸುವ ತರಂಗಾಂತರದ ಪಟ್ಟಿಗಳು ಒಂದರ ಮೇಲೊಂದು ಬಿದ್ದ ಕಡೆ ಉಳಿದರ್ಧ ಕೆಳಗಿನ ಪದರಕ್ಕೆ ಸಿಗುತ್ತದೆ, ಬಿಳುಪು ಹೆಚ್ಚುತ್ತದೆ.

ಕೋಶಕ್ಕೆ 0.5 ಅಥವಾ 0.7 ಮಿ.ಮೀ. ಐಟಿಒ ಗಾಜು (ಒಂದು ಬದಿಗೆ ವಿದ್ಯುತ್ ಹರಿಸುವ ಪಾರದರ್ಶಕ ಲೇಪವಿರುವ ಗಾಜು) ತೆಗೆದುಕೊಳ್ಳಿ, 1.1 ಮಿ.ಮೀ. ದಪ್ಪವಾದರೆ ಓರೆಯಾಗಿ ನೋಡಿದಾಗ ಬಣ್ಣಗಳು ಒಂದರಿಂದೊಂದು ಸರಿದು ಕಾಣುತ್ತವೆ. ಐಟಿಒ ಬದಿಗೆ ಪಾಲಿಇಮೈಡ್ ಎಂಬ ಪಾಲಿಮರ್ ಲೇಪಿಸಿ, ಆದರೆ ಉಜ್ಜಬೇಡಿ: ಉಜ್ಜಿದ ಮೇಲ್ಮೈ ಕನ್ನಡಿಯಂತೆ ಒಂದೇ ಕೋನಕ್ಕೆ ಹೊಳೆಯುತ್ತದೆ, ಕಪ್ಪು ಸ್ಥಿತಿಯೂ ನಿಲ್ಲುವುದಿಲ್ಲ. ಐಟಿಒ ಬದಿಗಳು ಒಳಮುಖವಾಗಿರಲಿ, ತಂತಿ ಕೂಡಿಸಲು ಅಂಚುಗಳನ್ನು ಸ್ವಲ್ಪ ಸರಿಸಿ. ಗಾಜುಗಳ ನಡುವಿನ ಅಂತರ ಕಾಯಲು 5 ಮೈಕ್ರೊಮೀಟರ್ ಸ್ಪೇಸರ್ ಹಾಕಿ ಮುಚ್ಚಿದ ಮೇಲೆ ಮಲ್ಟಿಮೀಟರಿನಲ್ಲಿ ಶಾರ್ಟ್ ಇಲ್ಲವೆಂದು ಖಚಿತಪಡಿಸಿಕೊಳ್ಳಿ. ಕೋಶ, ಮಿಶ್ರಣ ಎರಡನ್ನೂ 70 ಡಿಗ್ರಿಗೆ ಬಿಸಿಮಾಡಿ ಅಂಚಿನಲ್ಲಿ ಹನಿ ಇಟ್ಟರೆ ತಾನೇ ಒಳಕ್ಕೆ ಎಳೆದುಕೊಳ್ಳುತ್ತದೆ. ತಣ್ಣಗಾದ ಮೇಲಷ್ಟೇ ಯುವಿ ಅಂಟಿನಿಂದ ಬಾಯಿ ಮುಚ್ಚಿ. ಒಣಗದ ಅಂಟು ದ್ರವಕ್ಕೆ ಬೆರೆತರೆ ಅಂಚಿನ ಬಣ್ಣ ಬದಲಾಗುತ್ತದೆ.

ಚಾಲನೆಗೆ ಚೌಕ ಅಲೆಯ ಎಸಿ ಬೇಕು. ಡಿಸಿ ಕೊಟ್ಟರೆ ಅಯಾನುಗಳು ವಿದ್ಯುದ್ವಾರಕ್ಕೆ ಸರಿದು ಕೋಶ ಹಾಳಾಗುತ್ತದೆ. ಸುರುಳಿ ಪೂರ್ತಿ ಬಿಚ್ಚಲು ಲೆಕ್ಕದ ಪ್ರಕಾರ ಕೆಂಪಿಗೆ ಸುಮಾರು 29, ಹಸಿರಿಗೆ 33, ನೀಲಿಗೆ 38 ವೋಲ್ಟ್; ಪಿಚ್ ಚಿಕ್ಕದಾದಷ್ಟೂ ವೋಲ್ಟೇಜ್ ಜಾಸ್ತಿ. ಬಿಚ್ಚಿದ ಮೇಲೆ ವೋಲ್ಟೇಜನ್ನು ಥಟ್ಟನೆ ಕಡಿದರೆ ಬಣ್ಣ ಬರುತ್ತದೆ. ನಿಧಾನವಾಗಿ ಇಳಿಸಿದರೆ ಪದರ ಬಹುಮಟ್ಟಿಗೆ ಪಾರದರ್ಶಕವಾಗಿ ಕೆಳಗಿನ ಕಪ್ಪು ಕಾಣುತ್ತದೆ. ಎರಡೂ ಸ್ಥಿತಿ ವಿದ್ಯುತ್ತಿಲ್ಲದೆ ಉಳಿಯುತ್ತವೆ.

ಕೊನೆಗೆ ಮೂರನ್ನೂ ಗಾಜಿಗೆ ಹೊಂದುವ ವಕ್ರೀಭವನಾಂಕದ ಪಾರದರ್ಶಕ ಅಂಟಿನಿಂದ ಕೂಡಿಸಿ. ನಡುವೆ ಗಾಳಿ ಉಳಿದರೆ ಗಾಜಿನ ಪ್ರತಿ ಮುಖವೂ ಸುಮಾರು 4% ಬಿಳಿ ಬೆಳಕನ್ನು ಹಿಂದೆ ಎಸೆದು ಕಪ್ಪನ್ನು ಬೂದು ಮಾಡುತ್ತದೆ.