ಮೆಕ್ಸಿಕೊದ ಗ್ವಾದಲಾಹಾರಕ್ಕೆ ಹೊಸದಾಗಿ ಬಂದವರಿಗೆ: ಮೊದಲು ನಮಸ್ಕಾರ, ಆಮೇಲೆ ಮಾತು

ಆಫೀಸಿನಲ್ಲಿ ಇಂಗ್ಲಿಷ್ ನಡೆಯುತ್ತದೆ. ಮನೆ ಬಾಗಿಲು ದಾಟಿದರೆ ಎಲ್ಲ ಸ್ಪ್ಯಾನಿಷ್. ಪೂರ್ತಿ ಭಾಷೆ ನಿಧಾನವಾಗಿ ಬರಲಿ. ಇಷ್ಟನ್ನು ಮಾತ್ರ ಮೊದಲ ವಾರವೇ ಕಲಿಯಿರಿ.

ಹೊತ್ತಿಗೆ ತಕ್ಕ ಮಾತು
ಮಧ್ಯಾಹ್ನ 12ರವರೆಗೆ ಬ್ವೆನೊಸ್ ದಿಯಾಸ್. ಆಮೇಲೆ ಕತ್ತಲಾಗುವವರೆಗೆ ಬ್ವೆನಾಸ್ ತಾರ್ದೆಸ್. ಕತ್ತಲಾದ ಮೇಲೆ ಬ್ವೆನಾಸ್ ನೋಚೆಸ್. ಎದುರಾದಾಗಲೂ ಇದೇ, ಹೊರಡುವಾಗಲೂ ಇದೇ. ಅವಸರವಿದ್ದರೆ ಬರೀ 'ಬ್ವೆನಾಸ್' ಸಾಕು. 'ಓಲಾ' ಸಲಿಗೆ ಇರುವವರಿಗೆ.

ಕನ್ನಡದಲ್ಲೇ ಬರೆದುಕೊಂಡು ಓದಿ. ಇಲ್ಲಿನವರ ತ, ದ ನಮ್ಮವೇ. ಇಂಗ್ಲಿಷ್ ಅಕ್ಷರ ನೋಡಿ ಓದಿದರೆ ಸುಮ್ನೆ ಟ, ಡ ಬಂದುಬಿಡುತ್ತದೆ.

ದಯವಿಟ್ಟು ಬಾಯಿ ಬಿಡಿ
ಊರಲ್ಲಿ ಅಂಗಡಿಗೆ ಹೋದರೆ ನೇರವಾಗಿ "ಅರ್ಧ ಕೆಜಿ ಟೊಮೆಟೊ ಕೊಡಿ" ಅನ್ನುತ್ತೇವೆ. ಗುರುತಿನವರು ಕಂಡರೆ ತಲೆಯಾಡಿಸಿ ನಗುತ್ತೇವೆ. ಅಲ್ಲಿ ಅದು ಸರಿ. ಇಲ್ಲಿ ಹಾಗೆ ಮಾಡಿದರೆ ಗತ್ತು ಅಂದುಕೊಳ್ಳುತ್ತಾರೆ. ನಮಗೆ ಇದನ್ನು ಯಾರೂ ಹೇಳಿಕೊಡಲಿಲ್ಲ, ಅದಕ್ಕೇ ಒತ್ತಿ ಹೇಳುತ್ತಿದ್ದೇವೆ. ತಿಯಾಂಗಿಸ್ ಅಂದರೆ ಇಲ್ಲಿನ ವಾರದ ಸಂತೆ. ಅಲ್ಲಿ ತರಕಾರಿ ಮುಟ್ಟುವ ಮೊದಲೇ ಬ್ವೆನೊಸ್ ದಿಯಾಸ್ ಹೇಳಿ. ದಂತವೈದ್ಯರ ಹತ್ತಿರ ಹೋದರೆ, ಬಾಗಿಲಲ್ಲೇ ನಿಂತು ಕೂತವರಿಗೆಲ್ಲ ಕೇಳುವಂತೆ ಹೇಳಬೇಕು. ಓದುತ್ತಿದ್ದವರೂ ತಲೆ ಎತ್ತಿ ತಿರುಗಿ ಹೇಳುತ್ತಾರೆ. ಗೇಟು ಇರುವ ಬಡಾವಣೆಗೆ ಇಲ್ಲಿ ಕೋತೊ ಅನ್ನುತ್ತಾರೆ. ಅದರ ಕಾವಲುಗಾರರಿಗೆ ದಿನಾ ಹೇಳಿ, ಮೊಬೈಲ್ ನೋಡುತ್ತಾ ದಾಟಬೇಡಿ.

ಲಿಫ್ಟಿನಲ್ಲಿ ನಮ್ಮವರೇ ಹರಟುತ್ತಾ, ಒಳಗೆ ಬಂದವರ 'ಬ್ವೆನಾಸ್ ತಾರ್ದೆಸ್'ಗೆ ಉತ್ತರವನ್ನೇ ಕೊಡದೆ ನಿಂತದ್ದನ್ನು ನೋಡಿದ್ದೇವೆ. ಬೇಜಾರಾಯಿತು. ಅತಿಥಿಗೆ ಮೊದಲು ನೀರು ಕೊಟ್ಟು ಮಾತಾಡಿಸುವ ಮನೆಗಳಿಂದ ಬಂದವರು ನಾವು, ಅಲ್ವಾ?

ಊಟದ ಹೊತ್ತು
ನೀವು ಡಬ್ಬಿ ಬಿಚ್ಚಿದಾಗ ಪಕ್ಕದಲ್ಲಿ ಹೋಗುವವರು 'ಪ್ರೊವೇಚೊ' ಅನ್ನುತ್ತಾರೆ. ಮೊಸರನ್ನ ನೋಡಿ ಆಡಿಕೊಳ್ಳುತ್ತಿಲ್ಲ, ಚೆನ್ನಾಗಿ ಊಟ ಮಾಡಿ ಅನ್ನುತ್ತಿದ್ದಾರೆ. 'ಗ್ರಾಸಿಯಾಸ್' ಎನ್ನಿ, ಅಂದರೆ ಧನ್ಯವಾದ. ಹೋಟೆಲಿನಲ್ಲಿ ಎದ್ದು ಹೊರಡುವಾಗ ಪಕ್ಕದ ಟೇಬಲಿನವರಿಗೆ ನೀವೂ ಹೇಳಿ.

ಕೆನ್ನೆಗೆ ಕೆನ್ನೆ
ಹೆಂಗಸರು ಹೆಂಗಸರನ್ನೂ ಗಂಡಸರನ್ನೂ ಬಲಗೆನ್ನೆಗೆ ಒಮ್ಮೆ ಕೆನ್ನೆ ತಾಗಿಸಿ ಮಾತಾಡಿಸುತ್ತಾರೆ. ಗಂಡಸರ ನಡುವೆ ಕೈ ಕುಲುಕುವುದು, ಸ್ನೇಹಿತರಾದರೆ ಬೆನ್ನು ತಟ್ಟುವುದು. ಮುಜುಗರವಾದರೆ ನೀವೇ ಮೊದಲು ಕೈ ಚಾಚಿ. ಹಿಂದಕ್ಕೆ ಮಾತ್ರ ಸರಿಯಬೇಡಿ.

ಬಾಯಿಪಾಠಕ್ಕೆ
- ಉಸ್ತೆದ್: ನೀವು. ತೂ: ನೀನು. ಹಿರಿಯರಿಗೆ ಉಸ್ತೆದ್.
- ಮೂಚೊ ಗುಸ್ತೊ: ಪರಿಚಯವಾದಾಗ
- ಕೋನ್ ಪೆರ್ಮೀಸೊ: ದಾಟಿ ಹೋಗುವಾಗ
- ದಿಸ್ಕುಲ್ಪೆ: ಕ್ಷಮಿಸಿ
- ಮಾಂದೆ?: ಕೇಳಿಸದಿದ್ದಾಗ. ಬರೀ 'ಕೆ?' ಅಂದರೆ ಒರಟು.
- ಮಾಸ್ ದೆಸ್ಪಾಸಿಯೊ, ಪೋರ್ ಫಾವೋರ್: ಸ್ವಲ್ಪ ನಿಧಾನ
- ಸಾಲೂದ್: ಯಾರಾದರೂ ಸೀನಿದಾಗ

ಮಕ್ಕಳು ಶಾಲೆಯಲ್ಲಿ ತಾವೇ ಕಲಿಯುತ್ತಾರೆ. ಊರಿಂದ ಅಪ್ಪ ಅಮ್ಮ ಬಂದರೆ ಅವರಿಗೆ 'ಬ್ವೆನಾಸ್ ತಾರ್ದೆಸ್' ಒಂದನ್ನಾದರೂ ಕಲಿಸಿ. ಸಂಜೆ ಪಾರ್ಕಿನಲ್ಲಿ ಅವರನ್ನು ಮಾತಾಡಿಸುವ ಹಿರಿಯರು ಬಹಳ ಜನ ಇದ್ದಾರೆ.