ಬುಧನ ಸೋಡಿಯಂ ಬಾಲ: ನಾನು ಚಿತ್ರ ತೆಗೆದ ಬಗೆ

ಬುಧನ ಬಾಲವನ್ನು ಹಿಡಿಯಲು ದೊಡ್ಡ ದೂರದರ್ಶಕಕ್ಕಿಂತ ಸರಿಯಾದ ದಿನ ಮುಖ್ಯ.

ಬುಧನ ಎಕ್ಸೋಸ್ಫಿಯರ್, ಅಂದರೆ ಅದನ್ನು ಸುತ್ತಿರುವ ಅತಿ ವಿರಳ ಅನಿಲದ ಹೊದಿಕೆ, ಅದರ ನೆಲದಿಂದಲೇ ಶುರುವಾಗುತ್ತದೆ. ಪರಮಾಣುಗಳು ಒಂದಕ್ಕೊಂದು ತಾಗುವುದೇ ಅಪರೂಪ, ಅಷ್ಟು ತೆಳು. ಅದರಲ್ಲಿ ಸೋಡಿಯಂ ಇದೆಯೆಂದು 1985ರಲ್ಲಿ ವಿಜ್ಞಾನಿಗಳಾದ ಪಾಟರ್ ಮತ್ತು ಮಾರ್ಗನ್ ಭೂಮಿಯಿಂದಲೇ ಕಂಡುಹಿಡಿದರು. ಸೂರ್ಯನ ಬೆಳಕು ಈ ಸೋಡಿಯಂ ಅನ್ನು ಹಿಂದಕ್ಕೆ ತಳ್ಳುತ್ತದೆ. ಬಾಲ ಲಕ್ಷಾಂತರ ಕಿಲೋಮೀಟರ್ ಚಾಚಿಕೊಳ್ಳುತ್ತದೆ.

ದಿನದ ಲೆಕ್ಕ ಹೀಗೆ. ಸೋಡಿಯಂ ಹೊಳೆಯುವುದು 589 ನ್ಯಾನೋಮೀಟರ್ ತರಂಗಾಂತರದ ಹಳದಿ ಬೆಳಕನ್ನು ಹೀರಿ ಮರಳಿ ಸೂಸಿದಾಗ. ಸೂರ್ಯನ ಬೆಳಕಿನಲ್ಲಿ ಅದೇ ತರಂಗಾಂತರದ ಬಳಿ ಕಪ್ಪು ಗೆರೆಗಳಿವೆ, ಅಲ್ಲಿನ ಬೆಳಕನ್ನು ಸೂರ್ಯನದೇ ಸೋಡಿಯಂ ಹೀರಿಕೊಂಡಿರುತ್ತದೆ. ಬುಧ ಸೂರ್ಯನಿಗೆ ಅತಿ ಸಮೀಪವಿದ್ದಾಗ ಅದು ಹತ್ತಿರ ಬರುತ್ತಲೂ ಇಲ್ಲ, ದೂರ ಸರಿಯುತ್ತಲೂ ಇಲ್ಲ. ಆಗ ಅದರ ಸೋಡಿಯಂಗೆ ಸಿಗುವುದು ಆ ಕಪ್ಪು ಗೆರೆಯ ಮಂದ ಬೆಳಕಷ್ಟೇ. ಸುಮಾರು ಹದಿನಾರು ದಿನ ಕಳೆದಾಗ ಗ್ರಹ ಸೆಕೆಂಡಿಗೆ ಹತ್ತು ಕಿಲೋಮೀಟರ್‌ನಷ್ಟು ವೇಗದಲ್ಲಿ ಸೂರ್ಯನಿಂದ ದೂರ ಸರಿಯುತ್ತಿರುತ್ತದೆ. ಚಲಿಸುವ ಪರಮಾಣುವಿಗೆ ಬೆಳಕಿನ ತರಂಗಾಂತರ ತುಸು ಬದಲಾಗಿ ಕಾಣುತ್ತದೆ, ಇದೇ ಡಾಪ್ಲರ್ ಪರಿಣಾಮ. ಅದರಿಂದ ಪರಮಾಣುಗಳು ಕಪ್ಪು ಗೆರೆಯ ಆಚೆಗಿನ ಪ್ರಖರ ಬೆಳಕಿಗೆ ತೆರೆದುಕೊಳ್ಳುತ್ತವೆ, ಬಾಲ ಬೆಳಗುತ್ತದೆ. ಈ ವಿವರ ಅರ್ಥವಾದ ದಿನ ನನಗೆ ನಿದ್ದೆ ಹತ್ತಲಿಲ್ಲ.

2023ರ ಏಪ್ರಿಲ್ ಇದಕ್ಕೆ ಹೇಳಿ ಮಾಡಿಸಿದಂತಿತ್ತು. ತಿಂಗಳ ಆರಂಭದಲ್ಲಿ ಬುಧ ಸೂರ್ಯನ ಅತಿ ಸಮೀಪದ ಬಿಂದು ದಾಟಿತ್ತು, 11ರಂದು ಸಂಜೆಯ ಆಕಾಶದಲ್ಲಿ ಸೂರ್ಯನಿಂದ ಗರಿಷ್ಠ ಅಂತರದಲ್ಲಿತ್ತು. 20ರಂದು ಅಮಾವಾಸ್ಯೆ. ಪಡುವಣ ದಿಗಂತ ತೆರೆದಿರುವ ಚಿತ್ರದುರ್ಗದ ಬಯಲನ್ನು ಆರಿಸಿಕೊಂಡೆ. ನಮ್ಮ ಅಕ್ಷಾಂಶದಲ್ಲಿ ಆ ಕಾಲದಲ್ಲಿ ಬುಧ ಹೆಚ್ಚು ಓರೆಯಾಗದೆ, ನೆಟ್ಟಗೆ ಇಳಿಯುತ್ತದೆ. ಯುರೋಪಿನವರಿಗಿಲ್ಲದ ಅನುಕೂಲ ಇದು.

ಸಣ್ಣ ದೂರದರ್ಶಕ, ಭೂಮಿಯ ತಿರುಗುವಿಕೆಗೆ ತಕ್ಕಂತೆ ಚಲಿಸುವ ಮೌಂಟ್, ಕಪ್ಪು ಬಿಳುಪು ಕ್ಯಾಮೆರಾ, 589 ನ್ಯಾನೋಮೀಟರ್ ಆಸುಪಾಸಿನ ಬೆಳಕನ್ನಷ್ಟೇ ಒಳಬಿಡುವ ಕಿರುಪಟ್ಟಿ ಫಿಲ್ಟರ್, ಇಷ್ಟೇ ನನ್ನ ಸಲಕರಣೆ. ಸೂರ್ಯ ಪೂರ್ತಿ ಮುಳುಗುವ ತನಕ ದೂರದರ್ಶಕದ ಮುಚ್ಚಳ ತೆಗೆಯಲೇಬಾರದು. ಬೆಳಕು ಇಳಿಯುವುದಕ್ಕೂ ಬುಧ ದಿಗಂತದ ದೂಳಿಗೆ ಸೇರುವುದಕ್ಕೂ ನಡುವೆ ಸಿಗುವುದು ಅರ್ಧ ಗಂಟೆಗೂ ಕಡಿಮೆ. ಗ್ರಹ ಅತಿಯಾಗಿ ಬೆಳಗಿದರೂ ಚಿಂತಿಸದೆ ದೀರ್ಘ ಎಕ್ಸ್‌ಪೋಷರ್‌ಗಳನ್ನು ತೆಗೆದು, ಬುಧನನ್ನೇ ಕೇಂದ್ರವಾಗಿಟ್ಟು ಒಂದರ ಮೇಲೊಂದು ಜೋಡಿಸಿದೆ.

ಮಸುಕಾದ ಗೆರೆಯೊಂದು ಮೇಲಕ್ಕೆ, ಸೂರ್ಯನಿಗೆ ಬೆನ್ನು ಮಾಡಿ ಎದ್ದಿತು. ಆದರೂ ಅದು ಮಸೂರದೊಳಗಿನ ಪ್ರತಿಫಲನ ಇರಬಹುದಲ್ಲ? ಸೋಡಿಯಂ ಬೆಳಕನ್ನು ತಡೆಯುವ ಹಸಿರು ಫಿಲ್ಟರ್‌ನಲ್ಲೂ ಅಷ್ಟೇ ಹೊತ್ತು ತೆಗೆದೆ. ಅದರಲ್ಲಿ ಗೆರೆ ಇರಲಿಲ್ಲ. ಈ ಎರಡನೇ ಚಿತ್ರವನ್ನು ಯಾರೂ ಬಿಡಬಾರದು.

ಬಾಲ ಮಂಕಾಗುವ ದಿನಗಳನ್ನೂ ಈಗ ಅದೇ ಎಕ್ಸ್‌ಪೋಷರ್‌ನಲ್ಲಿ ದಾಖಲಿಸುತ್ತಿದ್ದೇನೆ. ಬುಧನ 88 ದಿನಗಳ ಸುತ್ತಿನಲ್ಲಿ ಅದು ಏರಿಳಿಯುವುದನ್ನು ಒಂದೇ ಸಾಲಿನಲ್ಲಿ ಜೋಡಿಸಿ ನೋಡಬೇಕೆಂಬ ಆಸೆ ನನಗಿದೆ.